ಜೆರಾಕ್ಸ್‌ಗೆ ಹೆದರಿ ನೋಟ್ಸ್ ನಿಲ್ಲಿಸಬೇಡಿ, ಕರಾರಿಗೆ ಸಹಿ ಹಾಕುವ ಮುಂಚೆ ನಿಲ್ಲಿ

ಪ್ರಶ್ನೆ: ಬಾಗಲಕೋಟೆ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ನಮ್ಮಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದ ಮಕ್ಕಳು. ಇಂಗ್ಲಿಷ್ ಪುಸ್ತಕಗಳಿಂದ ಒಂದೊಂದು ಅಧ್ಯಾಯ ಆರಿಸಿ, ಕೆಲವನ್ನು ನಾನೇ ಕನ್ನಡಕ್ಕೆ ಮಾಡಿ, ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಇಡುತ್ತಿದ್ದೆ. ಈ ವರ್ಷ ಪ್ರಿನ್ಸಿಪಾಲರು ನನ್ನನ್ನು ಬೌದ್ಧಿಕ ಆಸ್ತಿ ಹಕ್ಕುಗಳ ಘಟಕದ ಸಂಚಾಲಕಿ ಮಾಡಿದ್ದಾರೆ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದರೊಳಗೆ ಒಂದು ಕಾರ್ಯಾಗಾರ ಆಗಬೇಕಂತೆ. ಅದಕ್ಕೆ ಓದಲು ಕೂತಾಗ ಕಾಪಿರೈಟ್ ಉಲ್ಲಂಘನೆಗೆ ಮೂರು ವರ್ಷ ಜೈಲು ಎಂದು ನೋಡಿ ಗಾಬರಿಯಾಯಿತು. ನೋಟ್ಸ್ ನಿಲ್ಲಿಸಿಬಿಟ್ಟೆ. ಇದೇ ನೋಟ್ಸನ್ನು ಪುಸ್ತಕ ಮಾಡುತ್ತೇವೆ, ಹತ್ತು ಸಾವಿರ ಕೊಡುತ್ತೇವೆ ಎಂದು ಒಬ್ಬ ಪ್ರಕಾಶಕರು ಕರಾರು ಕಳಿಸಿದ್ದಾರೆ. ಸಹಿ ಮಾಡುವುದೊಂದು ಬಾಕಿ. ಕೊರೊನಾ ಸಮಯದಲ್ಲಿ ನಾನು ಮಾಡಿದ ಪಾಠದ ವಿಡಿಯೊಗಳು ತನ್ನದೆಂದು ಕಾಲೇಜು ಹೇಳುತ್ತಿದೆ. ನೇಕಾರರ ಮನೆಯ ನಮ್ಮ ವಿದ್ಯಾರ್ಥಿಯೊಬ್ಬ ಮಗ್ಗಕ್ಕೆ ಜೋಡಿಸುವ ಸಣ್ಣ ಸಾಧನ ಮಾಡಿದ್ದಾನೆ. ಮುಂದಿನ ತಿಂಗಳ ವಿಜ್ಞಾನ ಮೇಳದಲ್ಲಿ ಅದನ್ನು ಇಡುತ್ತೇವೆ. ಆಮೇಲೆ ಎಲ್ಲರ ಹೆಸರು ಸೇರಿಸಿ ಪೇಟೆಂಟ್ ಹಾಕೋಣ ಎನ್ನುತ್ತಾರೆ ಪ್ರಿನ್ಸಿಪಾಲರು. ನಾನು ಯಾವುದಕ್ಕೆ ಹೆದರಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನಿಮಗೆ ಹೆದರಿಕೆ ತಂದಿರುವುದು ಜೆರಾಕ್ಸ್ ಅಂಗಡಿ. ನನಗೆ ಹೆದರಿಕೆ ತಂದಿರುವುದು ಆ ಕರಾರು ಮತ್ತು ವಿಜ್ಞಾನ ಮೇಳ. ಕಾಲೇಜುಗಳಿಗೆ ಈ ವಿಷಯದಲ್ಲಿ ಸಲಹೆ ಕೊಡುವ ಕೆಲಸದಲ್ಲಿ ನಾನು ಪದೇ ಪದೇ ನೋಡುವುದು ಇದನ್ನೇ. ಕಾನೂನು ಬಿಟ್ಟುಕೊಟ್ಟಿರುವ ಕಡೆ ಮೇಷ್ಟ್ರು ಕೈಕಾಲು ನಡುಗಿಸುತ್ತಾರೆ. ನಿಜವಾಗಿ ಕಳೆದುಕೊಳ್ಳುವ ಕಡೆ ಓದದೆ ಸಹಿ ಹಾಕುತ್ತಾರೆ.

ಮೊದಲು ಜೈಲಿನ ಮಾತು ಮುಗಿಸೋಣ. 1957ರ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್‌ನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ. ನೀವು ಓದಿದ್ದು ಸರಿ. ಆದರೆ ಅದು ಗೊತ್ತಿದ್ದೂ ಉಲ್ಲಂಘನೆ ಮಾಡಿದವರಿಗೆ. ಯಾವುದು ಉಲ್ಲಂಘನೆಯೇ ಅಲ್ಲ ಅನ್ನುವ ಪಟ್ಟಿ ಅದಕ್ಕೂ ಮೊದಲು, 52ನೇ ಸೆಕ್ಷನ್‌ನಲ್ಲಿದೆ. ಅದರ ಒಂದನೇ ಉಪವಿಭಾಗದ ‘ಐ’ ಕಲಮು ಹೇಳುವುದಿಷ್ಟು: ಪಾಠ ಹೇಳುವ ಕೆಲಸದಲ್ಲಿ ಶಿಕ್ಷಕರಾಗಲಿ ವಿದ್ಯಾರ್ಥಿಯಾಗಲಿ ಯಾವುದೇ ಕೃತಿಯನ್ನು ಪ್ರತಿ ಮಾಡಿದರೆ ಅದು ಉಲ್ಲಂಘನೆಯಲ್ಲ. ಪ್ರಶ್ನೆಪತ್ರಿಕೆಗೆ ಬಳಸಿದರೂ ಅಲ್ಲ, ಉತ್ತರದಲ್ಲಿ ಬರೆದರೂ ಅಲ್ಲ. ಇಷ್ಟೇ ಪುಟ, ಶೇಕಡಾ ಇಷ್ಟೇ ಅಂತ ಅಲ್ಲಿ ಎಲ್ಲೂ ಬರೆದಿಲ್ಲ. ‘ಹತ್ತು ಪರ್ಸೆಂಟ್ ತನಕ ಪರವಾಗಿಲ್ಲ’ ಎಂಬ ಮಾತನ್ನು ಸ್ಟಾಫ್ ರೂಮುಗಳಲ್ಲಿ ಬಹಳ ಕೇಳಿದ್ದೇನೆ. ನಮ್ಮ ಕಾಯ್ದೆಯಲ್ಲಿ ಅಂಥ ಲೆಕ್ಕ ಇಲ್ಲ.

ಈ ಕಲಮು ಎಷ್ಟು ದೂರ ಹೋಗುತ್ತದೆ ಅನ್ನುವುದನ್ನು ಒಂದು ಜೆರಾಕ್ಸ್ ಅಂಗಡಿಯೇ ತೀರ್ಮಾನಕ್ಕೆ ತಂದಿತು. ದೆಹಲಿ ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದಲ್ಲಿ ರಾಮೇಶ್ವರಿ ಫೋಟೊಕಾಪಿ ಸರ್ವಿಸಸ್ ಎಂಬ ಅಂಗಡಿ. ಪಠ್ಯಕ್ರಮಕ್ಕೆ ಬೇಕಾದ ಅಧ್ಯಾಯಗಳನ್ನು ಬೇರೆ ಬೇರೆ ಪುಸ್ತಕಗಳಿಂದ ತೆಗೆದು, ಒಟ್ಟು ಬೈಂಡ್ ಮಾಡಿ ಮಕ್ಕಳಿಗೆ ಕೊಡುತ್ತಿದ್ದರು. ನೀವು ಮಾಡುತ್ತಿದ್ದದ್ದೇ, ಅಲ್ವಾ? 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮತ್ತು ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ದಾವೆ ಹಾಕಿದವು. ಮಕ್ಕಳಿಗೆ ಉಪಯೋಗವಾಗುವ ಇಂಥ ಕಟ್ಟುಗಳನ್ನು ತಡೆಯಲು ಹೋಗಬೇಡಿ ಎಂದು ಅಮರ್ತ್ಯ ಸೇನ್ ಅವರೂ ಆಕ್ಸ್‌ಫರ್ಡ್ ಪ್ರಕಾಶನಕ್ಕೆ ಪತ್ರ ಬರೆದರು. 2016ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ದಾವೆ ವಜಾ ಮಾಡಿದರು. ಅದೇ ಡಿಸೆಂಬರ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಕಾನೂನಿನ ತಿರುಳನ್ನು ಬಿಡಿಸಿ ಹೇಳಿತು. ಪಾಠ ಅಂದರೆ ಬೋರ್ಡಿನ ಮುಂದೆ ನಿಂತು ಮಾತಾಡುವ ಒಂದು ಗಂಟೆ ಮಾತ್ರ ಅಲ್ಲ. ಮೊದಲೇ ಓದಿಕೊಂಡು ಬನ್ನಿ ಎಂದು ಕೊಡುವುದೂ ಪಾಠದ ಭಾಗ. ಎಷ್ಟು ಪುಟ ಎನ್ನುವುದಕ್ಕಿಂತ, ಆ ಪಾಠಕ್ಕೆ ಅಷ್ಟು ಬೇಕಿತ್ತೇ ಎನ್ನುವುದು ಮುಖ್ಯ. ಅದನ್ನು ವಿಚಾರಿಸಲೆಂದು ಪೀಠ ದಾವೆಗೆ ಮತ್ತೆ ಜೀವ ಕೊಟ್ಟಿತು. 2017ರ ಮಾರ್ಚ್‌ನಲ್ಲಿ ಪ್ರಕಾಶಕರು ದಾವೆಯಿಂದ ಹಿಂದೆ ಸರಿದರು. ಬೇರೊಂದು ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ಮೇ ತಿಂಗಳಲ್ಲಿ ಆ ಅರ್ಜಿಯೂ ವಜಾ ಆಯಿತು.

ಒಂದು ಮಾತು ಬಿಚ್ಚಿ ಹೇಳಬೇಕು. ದೆಹಲಿ ಹೈಕೋರ್ಟಿನ ತೀರ್ಪು ಕರ್ನಾಟಕದ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಕಾಯ್ದೆ ದೇಶಕ್ಕೆಲ್ಲ ಒಂದೇ, ಆ ತೀರ್ಪಿಗೆ ತೂಕವೂ ಇದೆ. ನಿಮ್ಮ ನೋಟ್ಸ್ ನಿಲ್ಲಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಕನ್ನಡಕ್ಕೆ ಮಾಡಿದ ಅಧ್ಯಾಯಗಳ ಗತಿ ಏನು? ಅನುವಾದದ ಹಕ್ಕು ಮೂಲ ಕೃತಿಯ ಹಕ್ಕುದಾರರದ್ದು, ನಿಜ. ಆದರೆ 52ರ ಎರಡನೇ ಉಪವಿಭಾಗವನ್ನು ಓದುವವರು ಕಡಿಮೆ. ಮೊದಲ ಉಪವಿಭಾಗದಲ್ಲಿ ಕೊಟ್ಟ ವಿನಾಯಿತಿಗಳೆಲ್ಲ ಸಾಹಿತ್ಯ ಕೃತಿಯ ಅನುವಾದಕ್ಕೂ ಅನ್ವಯಿಸುತ್ತವೆ ಎಂದು ಅದು ಹೇಳುತ್ತದೆ. ಅಂದರೆ ನಿಮ್ಮ ಕ್ಲಾಸಿಗಾಗಿ ಒಂದು ಅಧ್ಯಾಯವನ್ನು ಕನ್ನಡಕ್ಕೆ ತರಲು ಲಂಡನ್ನಿಗೆ ಪತ್ರ ಬರೆದು ಕಾಯಬೇಕಿಲ್ಲ. ಕನ್ನಡ ಮಾಧ್ಯಮದಲ್ಲಿ ಪಾಠ ಹೇಳುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು. ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ಅನುವಾದಗಳು ಮೇಷ್ಟ್ರ ಬೀರುವಿನಲ್ಲೇ ಉಳಿದಿವೆ.

ಈ ಅನುಕೂಲ ಪಾಠಕ್ಕೆ ಮಾತ್ರ. ಪ್ರತಿ ತರಗತಿಯಿಂದ ಆಚೆ ಹೋದ ಕ್ಷಣಕ್ಕೆ ಲೆಕ್ಕ ಬದಲಾಗುತ್ತದೆ. ಅಂಗಡಿಯವರು ನಿಮ್ಮ ಕಟ್ಟಿಗೆ ಬಣ್ಣದ ರಟ್ಟು ಹಾಕಿ ಪಕ್ಕದ ಊರಿನ ಕಾಲೇಜಿಗೂ ಮಾರತೊಡಗಿದರೆ ಅದು ಪಾಠವಲ್ಲ, ವ್ಯಾಪಾರ. ಪುಟಕ್ಕೆ ಇಷ್ಟು ಎಂದು ಪ್ರತಿ ಮಾಡುವ ಕೂಲಿ ತೆಗೆದುಕೊಳ್ಳಲಿ, ಅಷ್ಟಕ್ಕೇ ನಿಲ್ಲಲಿ. ಮಾರುಕಟ್ಟೆಯಲ್ಲಿ ಸಿಗುವ ಪೂರ್ತಿ ಪಠ್ಯಪುಸ್ತಕವನ್ನು ಹಾಗೇ ಜೆರಾಕ್ಸ್ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಕಾಯ್ದೆಯಲ್ಲಿ ಪುಟದ ಮಿತಿ ಇಲ್ಲ ಅನ್ನುವುದು ಅದಕ್ಕೆ ರಹದಾರಿಯಲ್ಲ. ಕಟ್ಟಿನ ಮೊದಲ ಪುಟದಲ್ಲಿ ಕೋರ್ಸಿನ ಹೆಸರು, ಸೆಮಿಸ್ಟರ್, ಯಾವ ಅಧ್ಯಾಯ ಯಾವ ಪುಸ್ತಕದ್ದು, ಯಾವ ಘಟಕಕ್ಕೆ ಬೇಕಾಗಿದ್ದು ಎಂದು ಬರೆಯಿರಿ. ನಾಳೆ ಯಾರಾದರೂ ಕೇಳಿದರೆ ‘ಇದು ಪಾಠಕ್ಕೆ’ ಎನ್ನಲು ಆ ಒಂದು ಪುಟ ಸಾಕಾಗುತ್ತದೆ.

ವಾಟ್ಸಾಪ್ ಗುಂಪಿನ ಪಿಡಿಎಫ್ ಬಗ್ಗೆ ನೀವು ಕೇಳಿಲ್ಲ. ಆದರೆ ಕಾರ್ಯಾಗಾರದಲ್ಲಿ ಮಕ್ಕಳು ಕೇಳಿಯೇ ಕೇಳುತ್ತಾರೆ. ನೀವೇ ಸ್ಕ್ಯಾನ್ ಮಾಡಿದ ಒಂದು ಅಧ್ಯಾಯವನ್ನು ನಿಮ್ಮ ಕ್ಲಾಸಿನ ಗುಂಪಿಗೆ ಹಾಕಿದರೆ ಸಮರ್ಥಿಸಿಕೊಳ್ಳಬಹುದು. ಕಾಲೇಜಿನ ಲಾಗಿನ್ ಇರುವ ಜಾಗದಲ್ಲಿ ಹಾಕಿದರೆ ಇನ್ನೂ ಗಟ್ಟಿ. ಟೆಲಿಗ್ರಾಂನಲ್ಲಿ ಸಿಕ್ಕ ಇಡೀ ಪುಸ್ತಕವನ್ನು ಫಾರ್ವರ್ಡ್ ಮಾಡುವುದು ಬೇರೆಯೇ ಮಾತು. ಅದು ಮೊದಲಿಗೇ ಕದ್ದ ಪ್ರತಿ. ಜರ್ನಲ್ ಲೇಖನಗಳಿಗೆ ಈಗ ನೇರ ದಾರಿಗಳಿವೆ. ನಿಮ್ಮದು ಸರ್ಕಾರಿ ಕಾಲೇಜಾದರೆ 2025ರ ಜನವರಿಯಿಂದ ಶುರುವಾದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯಲ್ಲಿ ಸುಮಾರು 13 ಸಾವಿರ ಜರ್ನಲ್‌ಗಳು ಸಿಗುತ್ತವೆ. ಅನುದಾನಿತ ಕಾಲೇಜಾದರೆ ಕಾಲೇಜುಗಳಿಗೆ ಆನ್‌ಲೈನ್ ಓದು ಒದಗಿಸಲು ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುವ ಎನ್-ಲಿಸ್ಟ್ ಯೋಜನೆಯ ಬಗ್ಗೆ ಗ್ರಂಥಪಾಲಕರನ್ನು ಕೇಳಿ. ದಾರಿ ಇದ್ದೂ ಲಾಗಿನ್ ಮಾಡಿಸದ ಕಾಲೇಜುಗಳು ಬಹಳ ಇವೆ.

ನಿಮ್ಮ ಪತ್ರದಲ್ಲಿ ಇಲ್ಲದ ಇನ್ನೊಂದು ಜಾಗವನ್ನೂ ತೋರಿಸಬೇಕು: ಕಂಪ್ಯೂಟರ್ ಲ್ಯಾಬ್. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರನ್ನು ತಿಳಿದೂ ಬಳಸುವುದಕ್ಕೆ 63ಬಿ ಎಂಬ ಪ್ರತ್ಯೇಕ ಸೆಕ್ಷನ್ ಇದೆ. ಏಳು ದಿನದಿಂದ ಮೂರು ವರ್ಷದವರೆಗೆ ಜೈಲು ಅದರಲ್ಲಿದೆ. ಲಾಭಕ್ಕಾಗಿ ಬಳಸಿಲ್ಲದಿದ್ದರೆ ಜೈಲಿಲ್ಲದೆ ದಂಡಕ್ಕೆ ನಿಲ್ಲಿಸುವ ಅವಕಾಶ ಕೋರ್ಟಿಗಿದೆ. ಆದರೂ ಖಾಸಗಿ ಬಳಕೆ ಎಂಬ ವಿನಾಯಿತಿ ಸಾಫ್ಟ್‌ವೇರಿಗೆ ಅನ್ವಯಿಸುವುದಿಲ್ಲ. ಶಿಕ್ಷಣ ಸಂಸ್ಥೆಗಳಿಗೆ ಕಡಿಮೆ ಬೆಲೆಯ ಲೈಸೆನ್ಸ್ ಇರುತ್ತದೆ. ಲಿಬ್ರೆಆಫೀಸ್‌ನಂಥವು ಪುಕ್ಕಟೆ. ಲ್ಯಾಬ್ ಪರಿಶೀಲಿಸಿ ಎಂದು ಪ್ರಿನ್ಸಿಪಾಲರಿಗೆ ಹೇಳಿ, ಕಾರ್ಯಾಗಾರಕ್ಕೂ ಮೊದಲೇ.

ಈಗ ಕರಾರು. ನೀವು ಕಳಿಸಿದ ಪ್ರತಿಯನ್ನು ಪೂರ್ತಿ ಓದಿದೆ. ಎರಡೇ ಪುಟ. ಮೊದಲ ಪುಟದ ಮಧ್ಯದಲ್ಲಿ ಒಂದು ಸಾಲು: ‘ಲೇಖಕರು ಸದರಿ ಕೃತಿಯ ಸಕಲ ಹಕ್ಕುಗಳನ್ನು, ಮುಂದಿನ ಎಲ್ಲ ಆವೃತ್ತಿ, ಅನುವಾದ ಹಾಗೂ ಡಿಜಿಟಲ್ ರೂಪಗಳೂ ಸೇರಿದಂತೆ, ಪ್ರಕಾಶಕರಿಗೆ ಶಾಶ್ವತವಾಗಿ ವಹಿಸಿಕೊಟ್ಟಿರುತ್ತಾರೆ.’ ಎರಡನೇ ಪುಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು: ‘ಕೃತಿಯು ಸಂಪೂರ್ಣವಾಗಿ ಲೇಖಕರ ಸ್ವಂತದ್ದಾಗಿದ್ದು, ಈ ಬಗ್ಗೆ ಯಾವುದೇ ತಕರಾರು ಬಂದಲ್ಲಿ ಖರ್ಚುವೆಚ್ಚಗಳಿಗೆ ಲೇಖಕರೇ ಹೊಣೆ.’

ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕ್ಲಾಸಿನಲ್ಲಿ ಕೊಡುವ ತನಕ ಆ ಅನುವಾದಿತ ಅಧ್ಯಾಯಗಳಿಗೆ 52ನೇ ಸೆಕ್ಷನ್ ರಕ್ಷಣೆ ಇತ್ತು. ಅವೇ ಪುಟಗಳು ಬೆಲೆ ಹಾಕಿದ ಪುಸ್ತಕವಾಗಿ ಅಂಗಡಿಗೆ ಬಂದರೆ ಆ ರಕ್ಷಣೆ ಇಲ್ಲ. ಆಗ ಅದು ಅನುಮತಿಯಿಲ್ಲದ ಅನುವಾದ. ನೋಟಿಸ್ ಬಂದರೆ ಪ್ರಕಾಶಕರು ಎರಡನೇ ಪುಟ ತೋರಿಸುತ್ತಾರೆ. ನೀವು ಹತ್ತು ಸಾವಿರ ಪಡೆದು ಇಡೀ ಹೊಣೆ ಹೊತ್ತುಕೊಂಡಿರುತ್ತೀರಿ. ಲಾಭವೆಲ್ಲ ಶಾಶ್ವತವಾಗಿ ಅವರದ್ದು. ನಾಳೆ ಪಠ್ಯಕ್ರಮ ಬದಲಾಗಿ ನಿಮ್ಮದೇ ಬರಹವನ್ನು ತಿದ್ದಿ ಬೇರೆ ಕಡೆ ಪ್ರಕಟಿಸಬೇಕೆಂದರೂ ಅವರನ್ನೇ ಕೇಳಬೇಕು. ನೀವು ಹುಡುಕುತ್ತಿದ್ದ ಅಪಾಯ ನೋಟ್ಸಿನಲ್ಲಿ ಇರಲಿಲ್ಲ. ಈ ಎರಡು ಪುಟಗಳಲ್ಲಿತ್ತು.

ಹಕ್ಕು ವಹಿಸಿಕೊಡುವ ಕರಾರು ಹೇಗಿರಬೇಕೆಂದು 19ನೇ ಸೆಕ್ಷನ್ ಹೇಳುತ್ತದೆ. ಬರಹದಲ್ಲಿ ಇರಬೇಕು, ಸಹಿ ಇರಬೇಕು. ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ, ಎಷ್ಟು ಸಂಭಾವನೆ ಎಂಬುದೂ ಇರಬೇಕು. ಕಾಲ ಬರೆಯದಿದ್ದರೆ ಐದು ವರ್ಷ ಎಂದು ತಿಳಿಯಬೇಕು. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ತೆಗೆದುಕೊಂಡ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಅದು ಬಿದ್ದುಹೋಗುತ್ತದೆ. ಲೇಖಕರನ್ನು ಕಾಯಲೆಂದೇ ಮಾಡಿದ ನಿಯಮಗಳಿವು. ‘ಶಾಶ್ವತವಾಗಿ’ ಎಂಬ ಒಂದು ಪದಕ್ಕೆ ಸಹಿ ಹಾಕಿದರೆ ಆ ಐದು ವರ್ಷದ ಕಾವಲು ಹೋಯಿತು. ಪ್ರಕಾಶಕರು ಕೆಟ್ಟವರೆಂದು ಇದರ ಅರ್ಥವಲ್ಲ. ಎಷ್ಟೋ ಸಲ ಯಾವುದೋ ಹಳೇ ಫಾರ್ಮನ್ನು ಸುಮ್ನೆ ಎಲ್ಲರಿಗೂ ಕಳಿಸುತ್ತಾರೆ. ತಿದ್ದಿ ಕಳಿಸಿದರೆ ಒಪ್ಪುವವರೇ ಜಾಸ್ತಿ. ಯಾರೂ ತಿದ್ದಿ ಕಳಿಸುವುದಿಲ್ಲ, ಅಷ್ಟೆ.

ನಿಮ್ಮ ಮುಂದೆ ಮೂರು ದಾರಿ ಇವೆ. ಬೇರೆಯವರ ಅಧ್ಯಾಯಗಳನ್ನೆಲ್ಲ ತೆಗೆದು, ಅದೇ ವಿಷಯಗಳನ್ನು ನಿಮ್ಮ ಮಾತಿನಲ್ಲಿ, ನಮ್ಮ ಊರುಗಳ ಉದಾಹರಣೆ ಹಾಕಿ ಹೊಸದಾಗಿ ಬರೆಯುವುದು ಒಂದು. ವಿಚಾರಕ್ಕೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ. ಬೇಡಿಕೆ ಪೂರೈಕೆಯ ನಿಯಮ ಯಾರ ಸ್ವತ್ತೂ ಅಲ್ಲ. ಕೆಲಸ ಜಾಸ್ತಿ, ಆದರೆ ನಾನು ಹೇಳುವುದು ಇದನ್ನೇ. ಎರಡನೆಯದು ಮೂಲ ಪ್ರಕಾಶಕರಿಂದ ಅನುವಾದದ ಅನುಮತಿ ಕೇಳುವುದು. ತಿಂಗಳುಗಟ್ಟಲೆ ಹಿಡಿಯಬಹುದು, ಶುಲ್ಕವನ್ನೂ ಕೇಳಬಹುದು. ಅವರು ಕೊಡದೇ ಹೋದರೆ 32ನೇ ಸೆಕ್ಷನ್ ಅಡಿ ಕಡ್ಡಾಯ ಲೈಸೆನ್ಸ್ ಕೇಳುವ ಅವಕಾಶವಿದೆ. ಕಲಿಕೆ ಮತ್ತು ಸಂಶೋಧನೆಗೆ ಬೇಕಾದ ವಿದೇಶಿ ಕೃತಿಗೆ, ಮುಂದುವರಿದ ದೇಶಗಳಲ್ಲಿ ಬಳಕೆಯಲ್ಲಿಲ್ಲದ ಭಾಷೆಯಾದರೆ, ಮೂಲ ಪ್ರಕಟವಾಗಿ ಒಂದು ವರ್ಷ ಕಳೆದರೆ ಸಾಕು. ಕನ್ನಡ ಅದರಲ್ಲಿ ಬರುತ್ತದೆ. ಆದರೆ ಅದಕ್ಕೆ ವಕೀಲರು, ಅರ್ಜಿ, ಅಲೆದಾಟ ಎಲ್ಲ ಬೇಕು. ಒಂದು ಅಧ್ಯಾಯಕ್ಕೆ ಅಷ್ಟು ಮಾಡುವುದು ಬೇಡ. ಮೂರನೆಯದು ಪುಸ್ತಕದ ಆಸೆ ಬಿಟ್ಟು ನೋಟ್ಸನ್ನು ನೋಟ್ಸಾಗಿಯೇ ಉಳಿಸುವುದು. ಇದರಲ್ಲಿ ಅಪಾಯವಿಲ್ಲ. ಆದರೆ ಪಕ್ಕದ ಜಿಲ್ಲೆಯ ಮಕ್ಕಳಿಗೆ ಅದು ಸಿಗುವುದಿಲ್ಲ.

ಮೊದಲ ದಾರಿ ಹಿಡಿದರೆ, ಕರಾರನ್ನು ಹೀಗೆ ತಿದ್ದಿ ಕಳಿಸಿ. ವಹಿಸಿಕೊಡುವ ಬದಲು ಲೈಸೆನ್ಸ್. ಕನ್ನಡದಲ್ಲಿ, ಮುದ್ರಣಕ್ಕೆ ಮಾತ್ರ, ಮೊದಲ ಆವೃತ್ತಿಗೆ, ಮೂರು ವರ್ಷಕ್ಕೆ. ಒಂದೇ ಸಲದ ಹತ್ತು ಸಾವಿರದ ಬದಲು ಮುಖಬೆಲೆಯ ಮೇಲೆ ಗೌರವಧನ. ಶೇ 10ರಿಂದ ಮಾತು ಶುರುಮಾಡಿ. ತರಗತಿಗೆ ನನ್ನ ಬರಹವನ್ನು ನಾನು ಹಂಚಬಹುದು ಎಂಬ ಒಂದು ಸಾಲು ಇರಲಿ. ಹೊಣೆಯ ಕಲಮಿಗೆ ‘ಲೇಖಕರಿಗೆ ತಿಳಿದಂತೆ’ ಎಂದು ಸೇರಿಸಿ, ಪಡೆದ ಗೌರವಧನಕ್ಕಿಂತ ಹೆಚ್ಚಿನ ಹೊಣೆ ಇಲ್ಲ ಎಂದು ಬರೆಯಿರಿ. ಏನೇ ಬರೆದುಕೊಟ್ಟರೂ ಕೃತಿಯ ಮೇಲೆ ನಿಮ್ಮ ಹೆಸರಿರುವ ಹಕ್ಕು, ಅದನ್ನು ಕೆಡಿಸಿ ನಿಮ್ಮ ಮಾನ ಕಳೆಯದಂತೆ ತಡೆಯುವ ಹಕ್ಕು 57ನೇ ಸೆಕ್ಷನ್ ಪ್ರಕಾರ ನಿಮ್ಮ ಬಳಿಯೇ ಉಳಿಯುತ್ತವೆ.

ವಿಡಿಯೊಗಳ ವಿಷಯದಲ್ಲಿ ಕಾಲೇಜು ಹೇಳುವುದು ಅರ್ಧ ಸರಿ ಇರಬಹುದು. ನೌಕರಿಯ ಕೆಲಸವಾಗಿ ಮಾಡಿದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕುದಾರರು ಮಾಲೀಕರು. 17ನೇ ಸೆಕ್ಷನ್ ಹೀಗೆ ಹೇಳುತ್ತದೆ. ಪ್ರಶ್ನೆ ಬರುವುದು ‘ನೌಕರಿಯ ಕೆಲಸ’ ಎಲ್ಲಿಯವರೆಗೆ ಅನ್ನುವಲ್ಲಿ. ಪಾಠ ಹೇಳುವುದು ನಿಮ್ಮ ಕೆಲಸ. ರಾತ್ರಿ ಮನೆಯಲ್ಲಿ ನಿಮ್ಮ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಎಡಿಟ್ ಮಾಡಿದ್ದೂ ಆ ಕೆಲಸದಲ್ಲಿ ಸೇರುತ್ತದೆಯೇ? ಎರಡೂ ಕಡೆ ವಾದಕ್ಕೆ ಜಾಗ ಇದೆ. ಅತಿಥಿ ಉಪನ್ಯಾಸಕರ ಸ್ಥಿತಿ ಬೇರೆ. ಅವರ ಕರಾರಿನಲ್ಲಿ ಇದರ ಮಾತೇ ಇಲ್ಲದಿದ್ದರೆ ಕಾಲೇಜಿನ ವಾದ ಬಹಳ ಮಟ್ಟಿಗೆ ಸೊರಗುತ್ತದೆ. ಜಗಳಕ್ಕೆ ಹೋಗಬೇಡಿ. ನೀವೇ ಈಗ ಸಂಚಾಲಕಿ. ಒಂದು ಪುಟದ ನೀತಿ ಬರೆದು ಆಡಳಿತ ಮಂಡಳಿಯ ಮುಂದಿಡಿ: ಪಾಠದ ವಿಡಿಯೊ ಮತ್ತು ನೋಟ್ಸಿನ ಹಕ್ಕು ಶಿಕ್ಷಕರದ್ದು, ಕಾಲೇಜಿಗೆ ತನ್ನ ಮಕ್ಕಳಿಗಾಗಿ ಬಳಸುವ ಶಾಶ್ವತ ಅನುಮತಿ, ಜಾಹೀರಾತಿನ ಹಣ ಬಂದರೆ ಪಾಲು. ನಾಲ್ಕೈದು ಸಾಲು ಸಾಕು. ಹೆಚ್ಚಿನ ಕಾಲೇಜುಗಳಲ್ಲಿ ಘಟಕ ಇದೆ, ಬೋರ್ಡ್ ಇದೆ, ನೀತಿ ಮಾತ್ರ ಇಲ್ಲ.

ಈಗ ನಿಮ್ಮ ವಿದ್ಯಾರ್ಥಿಯ ವಿಷಯ. ಇದಕ್ಕೆ ಗಡುವು ಇದೆ, ದಯವಿಟ್ಟು ಗಮನವಿಟ್ಟು ಓದಿ.

ಕಾಪಿರೈಟ್ ಬರೆದ ಕೂಡಲೇ ತಾನಾಗಿ ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ. ಪೇಟೆಂಟ್ ಹಾಗಲ್ಲ. ಅರ್ಜಿ ಹಾಕುವ ದಿನ ಆ ಸಾಧನ ಲೋಕಕ್ಕೆ ಹೊಸದಾಗಿರಬೇಕು. ಮುಂದಿನ ತಿಂಗಳು ಮೇಳದಲ್ಲಿ ಅದನ್ನು ಇಟ್ಟು, ಹೇಗೆ ಕೆಲಸ ಮಾಡುತ್ತದೆ ಎಂದು ಬಂದವರಿಗೆಲ್ಲ ವಿವರಿಸಿ, ಮರುದಿನ ಪತ್ರಿಕೆಯಲ್ಲಿ ಫೋಟೊ ಬಂದರೆ ಅದು ಹೊಸದಾಗಿ ಉಳಿಯುವುದಿಲ್ಲ. ಅವನದೇ ಪ್ರದರ್ಶನ ಅವನದೇ ಅರ್ಜಿಯನ್ನು ಕೊಲ್ಲುತ್ತದೆ. ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್‌ನಲ್ಲಿ 12 ತಿಂಗಳ ಒಂದು ಸಡಿಲಿಕೆ ಇದೆ, ಆದರೆ ಅದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಘೋಷಿಸಿದ ಪ್ರದರ್ಶನಗಳಿಗೆ, ವಿದ್ವತ್ ಸಂಸ್ಥೆಗಳ ಮುಂದೆ ಓದಿದ ಪ್ರಬಂಧಕ್ಕೆ. ನಿಮ್ಮ ತಾಲ್ಲೂಕಿನ ವಿಜ್ಞಾನ ಮೇಳ ಅದರಲ್ಲಿ ಬರುವುದಿಲ್ಲ. ‘ಮೊದಲು ಪ್ರದರ್ಶನ, ಆಮೇಲೆ ಪೇಟೆಂಟ್’ ಎಂಬ ಪ್ರಿನ್ಸಿಪಾಲರ ಕ್ರಮವನ್ನು ತಿರುಗಿಸಿ.

ಮೇಳಕ್ಕೂ ಮೊದಲು ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಬಹುದು. ಪೂರ್ಣ ವಿವರಣೆ ಕೊಡಲು ಅಲ್ಲಿಂದ 12 ತಿಂಗಳು ಸಮಯ ಸಿಗುತ್ತದೆ. ಆನ್‌ಲೈನ್ ಅರ್ಜಿಗೆ ಒಬ್ಬ ವ್ಯಕ್ತಿಗೆ ಶುಲ್ಕ 1,600 ರೂಪಾಯಿ. 2021ರ ತಿದ್ದುಪಡಿಯ ನಂತರ ಶಿಕ್ಷಣ ಸಂಸ್ಥೆಗಳಿಗೂ ಇದೇ ದರ. ದೊಡ್ಡ ಕಂಪನಿ ಕೊಡುವುದು 8,000. ಅರ್ಜಿಯನ್ನು ಪರೀಕ್ಷಿಸಿ ಎಂದು ಕೋರುವಾಗ ಮತ್ತೆ 4,000 ಕಟ್ಟಬೇಕು. ವಿವರಣೆ ಬರೆಸುವ ಖರ್ಚು ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರ ಇದೆ. ಮೊದಲು ಅಲ್ಲಿ ವಿಚಾರಿಸಿ. ಅರ್ಜಿ ಹಾಕಲಾಗದಿದ್ದರೆ, ಮೇಳದಲ್ಲಿ ಸಾಧನ ಬೇಡ. ಅದರಿಂದ ನೇಯ್ದ ಬಟ್ಟೆ ಇಡಿ, ಒಳಗಿನ ಗುಟ್ಟು ಬಿಡಬೇಡಿ.

ಹುಡುಗನನ್ನು ಕೂರಿಸಿಕೊಂಡು ಇನ್ನೊಂದು ವಿಷಯ ಕೇಳಿ. ಈ ಉಪಾಯ ಅವನದೇ ತಲೆಯದೋ, ಅಜ್ಜನ ಕಾಲದಿಂದ ಮನೆಯಲ್ಲಿ ಇದ್ದದ್ದೋ? ಪರಂಪರೆಯ ತಿಳಿವಳಿಕೆಗೆ ಪೇಟೆಂಟ್ ಇಲ್ಲ. ಅದು ಆ ಇಡೀ ಸಮುದಾಯದ್ದು. ಅದಕ್ಕೆ ಅವನು ಸೇರಿಸಿದ ಹೊಸದು ಏನು ಅನ್ನುವುದೇ ಅರ್ಜಿಯ ತಿರುಳು.

‘ಎಲ್ಲರ ಹೆಸರು’ ಅನ್ನುವ ಮಾತಿಗೆ ನನ್ನ ಉತ್ತರ ಸ್ಪಷ್ಟ: ಬೇಡ. ಯೋಚಿಸಿ ಮಾಡಿದವರಷ್ಟೇ ಆವಿಷ್ಕಾರಕರು. ಪ್ರಿನ್ಸಿಪಾಲರು, ವಿಭಾಗದ ಮುಖ್ಯಸ್ಥರು ಬೆನ್ನು ತಟ್ಟಿದರೆ ಆವಿಷ್ಕಾರಕರಾಗುವುದಿಲ್ಲ. ವಿದ್ಯಾರ್ಥಿ ಕಾಲೇಜಿನ ನೌಕರನೂ ಅಲ್ಲ. ಅವನು ಬರೆದುಕೊಡದ ಹೊರತು ಹಕ್ಕು ಅವನದ್ದೇ. ಕಾಲೇಜು ಶುಲ್ಕ ಕಟ್ಟುತ್ತದೆ ಎಂದಾದರೆ ಪಾಲು ಎಷ್ಟೆಂದು ಮೊದಲೇ ಬರೆದಿಟ್ಟುಕೊಳ್ಳಿ. ಬರೆಯುವಾಗ ಅವನ ಮನೆಯವರೂ ಇರಲಿ.

ಕಾಲೇಜುಗಳಿಗೆ ಈಗ ಏಜೆಂಟರ ಕಾಟವೂ ಹೆಚ್ಚಾಗಿದೆ. ಇಷ್ಟು ಹಣಕ್ಕೆ ಎಂಟು ಹೆಸರಿನ ‘ಪೇಟೆಂಟ್ ಪಬ್ಲಿಕೇಶನ್’ ಕೊಡಿಸುತ್ತೇವೆ, ಹೊರದೇಶದ ಡಿಸೈನ್ ಸರ್ಟಿಫಿಕೇಟ್ ಕೊಡಿಸುತ್ತೇವೆ ಎಂದು ಬರುತ್ತಾರೆ. ಪೇಟೆಂಟ್ ಅರ್ಜಿ 18 ತಿಂಗಳಾದ ಮೇಲೆ ತಾನಾಗಿ ಪ್ರಕಟವಾಗುತ್ತದೆ. ಶುಲ್ಕ ಕೊಟ್ಟರೆ ಬೇಗ ಪ್ರಕಟವಾಗುತ್ತದೆ. ಆ ಹಂತಕ್ಕೆ ಯಾರೂ ಅದನ್ನು ಪರೀಕ್ಷಿಸಿರುವುದಿಲ್ಲ. ಪ್ರಕಟವಾಯಿತು ಎಂದರೆ ಪೇಟೆಂಟ್ ಸಿಕ್ಕಿತು ಎಂದಲ್ಲ. ನ್ಯಾಕ್ ಅಂಕಗಳ ಆಸೆಗೆ ಇದಕ್ಕೆ ಕೈ ಹಾಕಿದ ಕಾಲೇಜು ತನ್ನ ಮಕ್ಕಳಿಗೆ ಬೌದ್ಧಿಕ ಆಸ್ತಿಯ ಬಗ್ಗೆ ಏನು ಕಲಿಸಲು ಸಾಧ್ಯ? ನೀವು ಸಂಚಾಲಕಿಯಾಗಿರುವವರೆಗೆ ಇದನ್ನು ಒಳಗೆ ಬಿಡಬೇಡಿ.

ಕಾರ್ಯಾಗಾರಕ್ಕೆ ಬರೋಣ. ಸಾಮಾನ್ಯವಾಗಿ ಏನಾಗುತ್ತದೆ ಗೊತ್ತಲ್ಲ: ಬೆಳಿಗ್ಗೆ ದೀಪ, ಒಬ್ಬರು ಸೆಕ್ಷನ್‌ಗಳ ಸ್ಲೈಡ್ ಓದುತ್ತಾರೆ, ಮಧ್ಯಾಹ್ನ ಸರ್ಟಿಫಿಕೇಟ್. ಮಕ್ಕಳ ತಲೆಯಲ್ಲಿ ಉಳಿಯುವುದು ‘ಕಾಪಿ ಮಾಡಿದ್ರೆ ಜೈಲು’ ಎಂಬ ಒಂದೇ ಮಾತು. ತಾವೂ ಹಕ್ಕುದಾರರು ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ನೀವು ಅಲ್ಲಿಂದಲೇ ಶುರುಮಾಡಿ. ಅವರ ಮೊಬೈಲಿನ ಫೋಟೊ, ಅವರು ಬರೆದ ಕವಿತೆ, ಪ್ರಾಜೆಕ್ಟ್ ವರದಿ ಎಲ್ಲಕ್ಕೂ ಈಗಾಗಲೇ ಕಾಪಿರೈಟ್ ಇದೆ, ಅವರ ಹೆಸರಿನಲ್ಲಿ, ಅವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ.

ಆ 60 ವರ್ಷವನ್ನು ಕನ್ನಡದ ಕವಿಗಳ ಮೇಲೆ ಲೆಕ್ಕ ಹಾಕಿಸಿ. ಗೋವಿಂದ ಪೈ ತೀರಿಕೊಂಡದ್ದು 1963ರಲ್ಲಿ. ಮುಂದಿನ ಜನವರಿಯಿಂದ 60 ವರ್ಷ ಎಣಿಸಬೇಕು. ಹಾಗಾಗಿ ಅವರ ಕಾವ್ಯ 2024ರ ಜನವರಿ 1ರಿಂದ ಎಲ್ಲರದ್ದು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಆದ್ದರಿಂದ 2041ರ ಕೊನೆಯವರೆಗೆ ಅವರ ಕೃತಿಗಳಿಗೆ ಕಾಪಿರೈಟ್ ಇದೆ. ಕುವೆಂಪು ಅವರದಕ್ಕೆ 2054ರವರೆಗೆ. ಸತ್ತವರ ಕೃತಿಯಷ್ಟೇ ಅಲ್ಲ, ಹಕ್ಕುದಾರರೇ ಮನಸ್ಸು ಮಾಡಿ ತೆರೆದಿಟ್ಟದ್ದೂ ಇದೆ. ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಬಿಟ್ಟಿತು. ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು.

ಕೃತಿಚೌರ್ಯ ಬೇರೆ, ಕಾಪಿರೈಟ್ ಉಲ್ಲಂಘನೆ ಬೇರೆ ಅನ್ನುವುದನ್ನೂ ಅಲ್ಲೇ ಬಿಡಿಸಿ. ಪೈ ಅವರ ಪದ್ಯವನ್ನು ತನ್ನದೆಂದು ಹಾಕಿಕೊಂಡರೆ ಕಾಪಿರೈಟ್ ಅವಧಿ ಮುಗಿದಿರುವುದು ನೆಪವಾಗದು, ಅದು ಕೃತಿಚೌರ್ಯವೇ. ಹೆಸರು ಹಾಕಿ ಇಡೀ ಕಾದಂಬರಿಯನ್ನು ಬ್ಲಾಗಿಗೆ ಏರಿಸಿದರೆ ಕೃತಿಚೌರ್ಯವಲ್ಲ, ಉಲ್ಲಂಘನೆ. ನಾನು ಮೊದಲು ಹೇಳಿದ ಆ ‘ಹತ್ತು ಪರ್ಸೆಂಟ್’ ಬಹುಶಃ ಇಲ್ಲಿಂದಲೇ ಬಂದದ್ದು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಗಳಲ್ಲಿ ಸಂಶೋಧನಾ ಪ್ರಬಂಧಕ್ಕೆ ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40ರವರೆಗೆ ತಿದ್ದಿ ಕೊಡಬೇಕು, 60 ದಾಟಿದರೆ ನೋಂದಣಿಯೇ ರದ್ದು. ಅದು ಪ್ರಬಂಧದ ಪ್ರಾಮಾಣಿಕತೆಯ ಅಳತೆ. ಕಾಪಿರೈಟ್ ಕಾಯ್ದೆಗೂ ಅದಕ್ಕೂ ಸಂಬಂಧವಿಲ್ಲ.

ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವದ ನಾಟಕದ ಪ್ರಶ್ನೆ ಬಂದರೆ ನಮ್ಮ ಕರಾವಳಿಯದೇ ಒಂದು ಪ್ರಕರಣ ಹೇಳಿ. ಶಿವರಾಮ ಕಾರಂತರು ಯಕ್ಷಗಾನ ಬ್ಯಾಲೆಗೆ ಕೊಟ್ಟ ಹೊಸ ರೂಪದ ಹಕ್ಕಿನ ಜಗಳ ಉಡುಪಿಯ ಕೋರ್ಟಿನಲ್ಲಿ ಶುರುವಾಗಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ 2001ರಲ್ಲಿ ದೆಹಲಿಯಲ್ಲಿ ಅದನ್ನು ಆಡಿಸಿತ್ತು. ಕಾರಂತರ ಉಯಿಲಿನಿಂದ ಹಕ್ಕು ಪಡೆದವರು ದಾವೆ ಹಾಕಿದರು. 2009ರಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆಯನ್ನು ಉಳಿಸಿತು, ಆದರೆ 52ನೇ ಸೆಕ್ಷನ್ ಒಳಗೆ ಬರುವ ಪ್ರದರ್ಶನಗಳನ್ನು ಅದರಿಂದ ಹೊರಗಿಟ್ಟಿತು. ಕಾಲೇಜಿನವರೇ ಆಡಿ, ಕಾಲೇಜಿನವರು ಮತ್ತು ಪೋಷಕರೇ ನೋಡಿದರೆ ತೊಂದರೆಯಿಲ್ಲ. ಟಿಕೆಟ್ ಇಟ್ಟು ಊರಿಗೆ ತೋರಿಸುವಾಗ, ಯೂಟ್ಯೂಬಿಗೆ ಏರಿಸುವಾಗ ನಾಟಕಕಾರರನ್ನು ಕೇಳಿ.

ಮಧ್ಯಾಹ್ನದ ಅವಧಿಗೆ ಮೇಜಿನ ಮೇಲೆ ಒಂದು ಇಳಕಲ್ ಸೀರೆ ಹರಡಿ. ಇದರಲ್ಲಿ ಯಾವುದು ಯಾರದ್ದು ಎಂದು ಕೇಳಿ. ‘ಇಳಕಲ್ ಸೀರೆ’ ಎಂಬ ಹೆಸರಿಗೆ ಭೌಗೋಳಿಕ ಗುರುತಿನ ನೋಂದಣಿ ಇದೆ. ಬೇರೆಡೆ ಪವರ್‌ಲೂಮಿನಲ್ಲಿ ನೇಯ್ದದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಟೋಪ್ ತೆನಿ ಸೆರಗಿನ ಹಳೆಯ ವಿನ್ಯಾಸ ಯಾರೊಬ್ಬರದ್ದೂ ಅಲ್ಲ. ಯಾರಾದರೂ ಪೂರ್ತಿ ಹೊಸ ಅಂಚು ಕಂಡುಹಿಡಿದರೆ, ಮಾರುಕಟ್ಟೆಗೆ ಬಿಡುವ ಮೊದಲು 2000ದ ಡಿಸೈನ್ ಕಾಯ್ದೆಯಡಿ ನೋಂದಾಯಿಸಬಹುದು, 10 ವರ್ಷ, ಮತ್ತೆ 5. ಮಗ್ಗದ ಹೊಸ ಸಾಧನಕ್ಕೆ ಪೇಟೆಂಟ್, 20 ವರ್ಷ. ಸೀರೆ ಮಾರುವ ಅಂಗಡಿಯ ಚಿಹ್ನೆಗೆ ಟ್ರೇಡ್‌ಮಾರ್ಕ್. ಆ ಸೀರೆಯ ಮೇಲೆ ಹುಡುಗಿಯೊಬ್ಬಳು ಬರೆದ ಲೇಖನಕ್ಕೆ ಕಾಪಿರೈಟ್. ನಿಮ್ಮ ಮಕ್ಕಳಲ್ಲಿ ಅರ್ಧ ಜನರ ಮನೆಯಲ್ಲಿ ಮಗ್ಗ ಇರಬಹುದು. ಅವರೇ ನಿಮಗೆ ಜಾಸ್ತಿ ಹೇಳುತ್ತಾರೆ.

ಕೊನೆಯ ಅರ್ಧ ಗಂಟೆ ಉಳಿದರೆ ನಿಮಗೆ ಬಂದ ಕರಾರನ್ನು, ಪ್ರಕಾಶಕರ ಹೆಸರು ಮುಚ್ಚಿ, ಪ್ರತಿ ಮಾಡಿಸಿ ಎಲ್ಲರಿಗೂ ಹಂಚಿ. ಒಂದೊಂದು ಗುಂಪಿಗೆ ಕೆಂಪು ಪೆನ್ನು ಕೊಟ್ಟು ತಿದ್ದಲು ಹೇಳಿ. ನೀವು ಪ್ರಕಾಶಕರಿಗೆ ವಾಪಸ್ ಕಳಿಸುವ ಕರಡನ್ನು ಅದನ್ನೆಲ್ಲ ನೋಡಿಯೇ ಬರೆಯಿರಿ. ಅಲ್ಲಿಯವರೆಗೆ ಸಹಿ ಮಾಡಬೇಡಿ. ಪ್ರಕಾಶಕರು ಅವಸರ ಮಾಡಿದರೆ, ಕಾಲೇಜಿನ ಬೌದ್ಧಿಕ ಆಸ್ತಿ ಘಟಕದ ಪರಿಶೀಲನೆಯಲ್ಲಿದೆ ಎಂದು ತಿಳಿಸಿ.